ಐಚ್ಛಿಕ ಗಣಿತದಲ್ಲಿ ಇಚ್ಛೆ ಯಾರದು? – ಹಿರೇಹಳ್ಳಿಯ ಎಂಟು ಸಮಸ್ಯಾ ಪರಿಹಾರ ಅವಧಿಗಳು

ಪೀಠಿಕೆ

ಶಾಲಾ ಇಂಟರ್ನ್‌ಶಿಪ್‌ಗೆ ನನಗೆ ಸಿಕ್ಕಿದ್ದು ತುಮಕೂರು ತಾಲ್ಲೂಕು ಹಿರೇಹಳ್ಳಿ ಭಾಗದ ಒಂದು ಪ್ರೌಢಶಾಲೆ. ಒಂಬತ್ತನೆಯ ತರಗತಿಗೆ ನಿಗದಿಯಾಗಿದ್ದ ಗಣಿತ ಪಾಠಗಳ ಜೊತೆಗೆ, ವಾರಕ್ಕೊಂದು ಅವಧಿಯ ಐಚ್ಛಿಕ ಸಮಸ್ಯಾ ಪರಿಹಾರ ತರಗತಿ ನಡೆಸಲು ಮುಖ್ಯ ಶಿಕ್ಷಕರಿಂದ ಅನುಮತಿ ಪಡೆದೆ. ಒಟ್ಟು ಎಂಟು ಅವಧಿಗಳು ನಡೆದವು. ಅವುಗಳಲ್ಲಿ ಮೊದಲ ಎರಡು ಕೆಟ್ಟವು. ಕೆಟ್ಟದ್ದಕ್ಕೆ ಕಾರಣ ಮಕ್ಕಳಲ್ಲ, ಸಮಸ್ಯೆಗಳೂ ಅಲ್ಲ. ತರಗತಿಗೆ ಮಕ್ಕಳನ್ನು ನಾನು ಆರಿಸಿದ ರೀತಿ. ಇಂಥ ತರಗತಿ ನಡೆಸಬೇಕೆಂದಿರುವ ಸಹ ಪ್ರಶಿಕ್ಷಣಾರ್ಥಿಗಳಿಗೆ ನನ್ನ ತಪ್ಪು ಉಪಯೋಗಕ್ಕೆ ಬರಬಹುದೆಂದು ನಡೆದದ್ದನ್ನು ನಡೆದಂತೆಯೇ ಬರೆಯುತ್ತಿದ್ದೇನೆ.

ಹಿನ್ನೆಲೆ: ಕಡ್ಡಾಯ ಮತ್ತು ಐಚ್ಛಿಕ

ಪ್ರೌಢಶಾಲೆಯಲ್ಲಿ ಗಣಿತ ಎಲ್ಲರಿಗೂ ಒಂದೇ ಆಗಿರಬೇಕೇ ಎಂಬ ಪ್ರಶ್ನೆ ಹಳೆಯದು. 1952–53ರ ಮೊದಲಿಯಾರ್ ಆಯೋಗವು ವಿದ್ಯಾರ್ಥಿಗಳು ತಮ್ಮ ಒಲವಿಗೆ ತಕ್ಕ ವಿಷಯಗಳ ಗುಂಪನ್ನು ಆಯ್ದುಕೊಳ್ಳುವ ಬಹೂದ್ದೇಶ ಶಾಲೆಗಳನ್ನು ಸೂಚಿಸಿತು. 1964–66ರ ಕೊಠಾರಿ ಆಯೋಗವು ಮೊದಲ ಹತ್ತು ವರ್ಷಗಳ ಶಾಲಾ ಶಿಕ್ಷಣದಲ್ಲಿ ಗಣಿತ ಎಲ್ಲರಿಗೂ ಕಡ್ಡಾಯವಾಗಿರಬೇಕೆಂದಿತು. ರಾಷ್ಟ್ರೀಯ ಶಿಕ್ಷಣ ನೀತಿ 2020, ಗಣಿತದಿಂದ ಆರಂಭಿಸಿ ವಿಷಯಗಳನ್ನು ಎರಡು ಹಂತಗಳಲ್ಲಿ ನೀಡಬಹುದೆಂದು ಹೇಳುತ್ತದೆ. ಕೇಂದ್ರೀಯ ಮಂಡಳಿಯು 2020ರ ಹತ್ತನೆಯ ತರಗತಿ ಪರೀಕ್ಷೆಯಿಂದಲೇ ಗಣಿತಕ್ಕೆ ಬೇಸಿಕ್ ಮತ್ತು ಸ್ಟ್ಯಾಂಡರ್ಡ್ ಎಂಬ ಎರಡು ಪ್ರಶ್ನೆಪತ್ರಿಕೆಗಳನ್ನು ಇಟ್ಟಿದೆ. ನಮ್ಮ ಎಸ್‌ಎಸ್‌ಎಲ್‌ಸಿಯಲ್ಲಿ ಹಾಗಿಲ್ಲ. 80 ಅಂಕಗಳ ಲಿಖಿತ ಪರೀಕ್ಷೆ, 20 ಅಂಕಗಳ ಆಂತರಿಕ ಮೌಲ್ಯಮಾಪನ, ಎಲ್ಲರಿಗೂ ಒಂದೇ ಪತ್ರಿಕೆ.

ಆದ್ದರಿಂದ ನಮ್ಮ ಶಾಲೆಗಳಲ್ಲಿ ಐಚ್ಛಿಕ ಗಣಿತ ಎಂಬುದಕ್ಕೆ ವೇಳಾಪಟ್ಟಿಯಲ್ಲಿ ಪ್ರತ್ಯೇಕ ಜಾಗವಿಲ್ಲ. ಗಣಿತ ಸಂಘದ ಚಟುವಟಿಕೆ, ಶನಿವಾರದ ಹೆಚ್ಚುವರಿ ಗಂಟೆ, ಗ್ರಂಥಾಲಯದ ಅವಧಿ – ಇಂಥ ಕಡೆ ಶಿಕ್ಷಕರೇ ಜಾಗ ಹುಡುಕಿಕೊಳ್ಳಬೇಕು. ಹೀಗೆ ಹುಡುಕಿದ ಜಾಗದಲ್ಲಿ ಹೆಚ್ಚಾಗಿ ನಡೆಯುವುದು ಸ್ಪರ್ಧಾ ಪರೀಕ್ಷೆಯ ತಯಾರಿ. ಎಂಟನೆಯ ತರಗತಿಯವರು ಬರೆಯುವ ಎನ್‌ಎಂಎಂಎಸ್ ಪರೀಕ್ಷೆಯಲ್ಲಿ ಆಯ್ಕೆಯಾದವರಿಗೆ ವರ್ಷಕ್ಕೆ 12,000 ರೂಪಾಯಿ ವಿದ್ಯಾರ್ಥಿವೇತನ ಸಿಗುತ್ತದೆ. ಬಡ ಕುಟುಂಬಕ್ಕೆ ಅದು ಸಣ್ಣ ಮೊತ್ತವಲ್ಲ. ಆ ತಯಾರಿ ಬೇಡವೆಂದು ನಾನು ಹೇಳುವುದಿಲ್ಲ. ಆದರೆ ತಯಾರಿ ತರಗತಿಯೇ ಬೇರೆ, ಸಮಸ್ಯಾ ಪರಿಹಾರ ತರಗತಿಯೇ ಬೇರೆ. ಮೊದಲನೆಯದರಲ್ಲಿ ಉತ್ತರ ಬೇಗ ಬರಬೇಕು. ಎರಡನೆಯದರಲ್ಲಿ ಉತ್ತರ ಬಾರದ ಹೊತ್ತನ್ನು ಮಗು ತಾಳಿಕೊಳ್ಳುವುದು ಕಲಿಯಬೇಕು. ನಾನು ಮೊದಲು ಇವೆರಡನ್ನೂ ಒಂದೇ ಎಂದುಕೊಂಡೆ.

ಮೊದಲ ಎರಡು ಶನಿವಾರಗಳು

ಘಟಕ ಪರೀಕ್ಷೆಯ ಅಂಕಗಳನ್ನು ನೋಡಿ ಮೇಲಿನ ಹತ್ತು ಮಕ್ಕಳ ಪಟ್ಟಿ ಮಾಡಿದೆ. ಶನಿವಾರ ಬೆಳಗಿನ ಶಾಲೆ ಮುಗಿದ ಮೇಲೆ ಒಂದು ಗಂಟೆ ಉಳಿಯುವಂತೆ ಅವರಿಗೆ ಹೇಳಿದೆ. ಮೊದಲ ಸಮಸ್ಯೆ ಊರಿನದೇ ಇರಲಿ ಎಂದು ಗಿಡ ನೆಡುವ ಲೆಕ್ಕ ಕೊಟ್ಟೆ. ಹಿರೇಹಳ್ಳಿಯಲ್ಲಿ ಕೇಂದ್ರೀಯ ತೋಟಗಾರಿಕೆ ಪ್ರಯೋಗ ಕೇಂದ್ರವಿದೆ. ಸಿದ್ದು ಹಲಸಿನ ತಳಿಯಿಂದಾಗಿ ಅದರ ಹೆಸರು ದೂರದವರಿಗೂ ಗೊತ್ತು. ಕಸಿ ಗಿಡ ಎಂದರೆ ಇಲ್ಲಿನ ಮಕ್ಕಳಿಗೆ ವಿವರಿಸಬೇಕಾಗಿಲ್ಲ.

ಸಮಸ್ಯೆ ಹೀಗಿತ್ತು: 90 ಮೀಟರ್ ಉದ್ದದ ಬದುವಿನ ಮೇಲೆ, ಈ ತುದಿಯಿಂದ ಆ ತುದಿಯವರೆಗೆ, 10 ಮೀಟರ್‌ಗೆ ಒಂದರಂತೆ ಹಲಸಿನ ಕಸಿ ಗಿಡ ನೆಡಬೇಕು. ಎಷ್ಟು ಗಿಡ ತರಬೇಕು?

ಹತ್ತೂ ಮಕ್ಕಳು ಭಾಗಿಸಿ 9 ಎಂದು ಬರೆದರು. ಅಷ್ಟರಲ್ಲಿ ಬಾಗಿಲ ಬಳಿ ಗೆಳತಿಗಾಗಿ ಕಾಯುತ್ತಾ ನಿಂತಿದ್ದ ಹುಡುಗಿ, "ಕೊನೇಲಿ ಒಂದು ಗಿಡ ಬ್ಯಾಡ್ವಾ ಮಿಸ್?" ಎಂದಳು. ಆಕೆ ನನ್ನ ಪಟ್ಟಿಯಲ್ಲಿರಲಿಲ್ಲ. ಘಟಕ ಪರೀಕ್ಷೆಯಲ್ಲಿ ಅವಳ ಅಂಕ ತೀರಾ ಕಡಿಮೆ. ನಾನು "ಹೌದು, ಸರಿ" ಎಂದು ಹೇಳಿ ಮುಂದಕ್ಕೆ ಹೋದೆ. ಅವಳನ್ನು ಒಳಗೆ ಕರೆಯಬೇಕೆಂದು ನನಗೆ ಹೊಳೆಯಲೇ ಇಲ್ಲ. ಸ್ವಲ್ಪ ಹೊತ್ತಿಗೆ ಬಸ್ಸಿನ ಸಮಯವಾಯಿತೆಂದು ಇಬ್ಬರೂ ಹೊರಟುಹೋದರು.

ಎರಡನೆಯ ಶನಿವಾರ, ಜಾಣ ಮಕ್ಕಳಿಗೆ ಕಠಿಣವಾದದ್ದು ಬೇಕೆಂದು ಸ್ಪರ್ಧಾ ಪರೀಕ್ಷೆಯ ಮಾದರಿಯ ಐದು ಪ್ರಶ್ನೆಗಳನ್ನು ಸಿದ್ಧಪಡಿಸಿದ್ದೆ. ಬಂದವರು ನಾಲ್ವರು. ಮೊದಲ ಪ್ರಶ್ನೆಗೇ ಒಬ್ಬ ಹುಡುಗ, "ಇದಕ್ಕೆ ಸೂತ್ರ ಯಾವುದು ಮಿಸ್?" ಎಂದು ಕೇಳಿದ. ಸೂತ್ರವಿಲ್ಲ, ಯೋಚಿಸಬೇಕು ಎಂದೆ. "ಪರೀಕ್ಷೆಗೆ ಬರುತ್ತಾ?" ಎಂದ. ಇಲ್ಲ ಎಂದೆ. ಆತ ಪೆನ್ನಿನ ಮುಚ್ಚಳ ಹಾಕಿ ಸುಮ್ಮನೆ ಕುಳಿತ. ಅವನ ತಪ್ಪೇನೂ ಇರಲಿಲ್ಲ. ಬೇಗ ಮತ್ತು ಸರಿಯಾಗಿ ಉತ್ತರಿಸಿದ್ದಕ್ಕೇ ಅವನನ್ನು ಇದುವರೆಗೆ ಎಲ್ಲರೂ ಹೊಗಳಿದ್ದರು. ಉತ್ತರ ಗೊತ್ತಿಲ್ಲದೆ ಕುಳಿತಿರುವುದು ಅವನಿಗೆ ಅವಮಾನದಂತೆ ಕಂಡಿರಬೇಕು.

ನನ್ನ ದಿನಚರಿಯನ್ನು ನೋಡಿದ ಮಾರ್ಗದರ್ಶಕ ಶಿಕ್ಷಕರು ಒಂದೇ ಪ್ರಶ್ನೆ ಕೇಳಿದರು: "ಐಚ್ಛಿಕ ಅಂತ ಬರೆದಿದ್ದೀಯಲ್ಲಮ್ಮ, ಇಚ್ಛೆ ಯಾರದು?" ಪಟ್ಟಿ ಮಾಡಿದವಳು ನಾನು, ದಿನ ಗೊತ್ತುಮಾಡಿದವಳು ನಾನು, ಉಳಿಯಿರಿ ಎಂದವಳೂ ನಾನು. ಮಕ್ಕಳ ಇಚ್ಛೆಗೆ ಅದರಲ್ಲಿ ಎಲ್ಲೂ ಜಾಗವಿರಲಿಲ್ಲ.

ಬದಲಾಯಿಸಿದ ಮೂರು ಸಂಗತಿಗಳು

ಒಂದನೆಯದು ಸಮಯ. ಅಕ್ಕಪಕ್ಕದ ಹಳ್ಳಿಗಳಿಂದ ಬರುವ ಮಕ್ಕಳು, ಅದರಲ್ಲೂ ಹೆಣ್ಣುಮಕ್ಕಳು, ಶಾಲೆ ಬಿಟ್ಟ ಮೇಲೆ ಉಳಿಯಲಾರರು. ಇಚ್ಛೆ ಇದ್ದರೂ ಬಸ್ಸು ಕಾಯುವುದಿಲ್ಲ. ಮುಖ್ಯ ಶಿಕ್ಷಕರನ್ನು ಕೇಳಿಕೊಂಡಾಗ ಬುಧವಾರದ ಗ್ರಂಥಾಲಯ ಅವಧಿಯನ್ನು ಬಿಟ್ಟುಕೊಟ್ಟರು. ಲೆಕ್ಕ ಬೇಕಾದವರು ನನ್ನ ಬಳಿ, ಉಳಿದವರು ಪುಸ್ತಕದ ಬಳಿ. ಆಟದ ಅವಧಿಯನ್ನು ಮಾತ್ರ ನಾನು ಕೇಳಲಿಲ್ಲ. ಆಟ ಕಸಿದುಕೊಂಡು ಗಣಿತ ಕೊಟ್ಟರೆ ಗಣಿತದ ಮೇಲೆಯೇ ಸಿಟ್ಟು ಬರುತ್ತದೆ.

ಎರಡನೆಯದು ಪ್ರವೇಶ. ಪಟ್ಟಿಯನ್ನು ಹರಿದು ಹಾಕಿದೆ. ಯಾರು ಬೇಕಾದರೂ ಬರಬಹುದು, ಬೇಡವೆನಿಸಿದ ವಾರ ಕಾರಣ ಹೇಳದೆ ಗ್ರಂಥಾಲಯಕ್ಕೆ ಹೋಗಬಹುದು ಎಂದು ತರಗತಿಯಲ್ಲಿ ತಿಳಿಸಿದೆ.

ಮೂರನೆಯದು ಸಮಸ್ಯೆಯ ಗುಣ. ಎಲ್ಲರೂ ಬರುವುದಾದರೆ, ಕೂಡುವುದು ಮಾತ್ರ ಬಲ್ಲ ಮಗುವೂ ಆರಂಭಿಸಬಹುದಾದ ಸಮಸ್ಯೆ ಬೇಕು. ಅದೇ ಸಮಸ್ಯೆ ಮುಂದಿರುವ ಮಗುವಿಗೆ ವಾರಗಟ್ಟಲೆ ಸಾಕಾಗಬೇಕು. ಅವಧಿಗೆ ಐದು ಪ್ರಶ್ನೆಗಳ ಬದಲು ಒಂದೇ ಸಮಸ್ಯೆ ಎಂದು ನಿಶ್ಚಯಿಸಿದೆ.

ಮೂರನೆಯ ಅವಧಿ: ರೈಲು ಟಿಕೆಟ್

ಹಿರೇಹಳ್ಳಿ, ಕ್ಯಾತ್ಸಂದ್ರ, ತುಮಕೂರು – ಈ ಮೂರು ನಿಲ್ದಾಣಗಳ ನಡುವೆ, ಎಲ್ಲಿಂದ ಎಲ್ಲಿಗೆ ಎಂಬುದನ್ನು ಮುದ್ರಿಸಿದ ಎಷ್ಟು ಬಗೆಯ ಟಿಕೆಟ್‌ಗಳು ಬೇಕು? ಮಕ್ಕಳು ಬರೆದು ಎಣಿಸಿದರು: 6. ಹೋಗುವುದೂ ಬರುವುದೂ ಬೇರೆ ಟಿಕೆಟ್ ಎಂಬುದರ ಬಗ್ಗೆ ಸಣ್ಣ ಜಗಳವಾಯಿತು; ಅದನ್ನು ಅವರೇ ಬಗೆಹರಿಸಿಕೊಂಡರು. ನಡುವಿನ ಸಣ್ಣ ನಿಲ್ದಾಣಗಳನ್ನು ಬಿಟ್ಟು ಗುಬ್ಬಿಯನ್ನು ಸೇರಿಸಿದರೆ? 12. ಹತ್ತು ನಿಲ್ದಾಣಗಳಿದ್ದರೆ? ಬರೆದು ಎಣಿಸುವುದು ಬೇಸರವಾದಾಗ ಒಬ್ಬ ಹುಡುಗ, "ಒಂದೊಂದು ಸ್ಟೇಷನ್‌ನಿಂದ ಒಂಬತ್ತು, ಅಂಥವು ಹತ್ತು" ಎಂದ. 90 ಬಂತು. ಕೊನೆಗೆ, 56 ಬಗೆಯ ಟಿಕೆಟ್‌ಗಳಿದ್ದರೆ ನಿಲ್ದಾಣಗಳೆಷ್ಟು ಎಂದು ಹಿಂದುಮುಂದು ಮಾಡಿ ಕೇಳಿದೆ. ಎಂಟು ಏಳಲಿ ಐವತ್ತಾರು ಎಂದು ಮಗ್ಗಿಯಿಂದಲೇ ಉತ್ತರ ಹೊರಟಿತು. ಮೊದಲ ಶನಿವಾರ ಬಾಗಿಲಲ್ಲಿ ನಿಂತಿದ್ದ ಹುಡುಗಿ ಈ ದಿನ ಒಳಗೆ ಕುಳಿತಿದ್ದಳು.

ನಾಲ್ಕರಿಂದ ಆರನೆಯ ಅವಧಿ: ಸಾಲು ಸಂಖ್ಯೆಗಳ ಮೊತ್ತ

ಇದು ಈ ತರಗತಿಯ ಮುಖ್ಯ ಸಮಸ್ಯೆ. 15 ಎಂಬುದನ್ನು 7 + 8 ಎಂದು ಬರೆಯಬಹುದು, 4 + 5 + 6 ಎಂದೂ, 1 + 2 + 3 + 4 + 5 ಎಂದೂ ಬರೆಯಬಹುದು. ಹೀಗೆ ಒಂದರ ಪಕ್ಕ ಒಂದು ಬರುವ ಎರಡು ಅಥವಾ ಹೆಚ್ಚು ಸ್ವಾಭಾವಿಕ ಸಂಖ್ಯೆಗಳ ಮೊತ್ತವಾಗಿ ಯಾವ ಸಂಖ್ಯೆಗಳನ್ನು ಬರೆಯಬಹುದು, ಯಾವುವನ್ನು ಬರೆಯಲಾಗದು?

ನಾಲ್ಕನೆಯ ಅವಧಿಯಲ್ಲಿ 1ರಿಂದ 35ರವರೆಗೆ ಸಂಖ್ಯೆಗಳನ್ನು ಗುಂಪುಗಳಿಗೆ ಹಂಚಿದೆ. ಬೆಸಸಂಖ್ಯೆಗಳು ಬೇಗ ಮುಗಿದವು: 1ನ್ನು ಬಿಟ್ಟರೆ ಯಾವ ಬೆಸಸಂಖ್ಯೆಯಾದರೂ ಪಕ್ಕಪಕ್ಕದ ಎರಡು ಸಂಖ್ಯೆಗಳ ಮೊತ್ತ. ಕೂಡಲೇ ಒಂದು ಊಹೆ ಬಂತು: "ಸಮಸಂಖ್ಯೆ ಆಗಲ್ಲ ಮಿಸ್." ನಾನು ತಪ್ಪು ಎನ್ನಲಿಲ್ಲ, ಊಹೆಯನ್ನು ಕರಿಹಲಗೆಯ ಮೂಲೆಯಲ್ಲಿ ಬರೆದಿಟ್ಟೆ. ಎರಡೇ ನಿಮಿಷದಲ್ಲಿ ಬೇರೆ ಗುಂಪು 6 = 1 + 2 + 3 ಎಂದು ತೋರಿಸಿ ಅದನ್ನು ಅಳಿಸಿತು. ಒಂದೇ ಒಂದು ವಿರುದ್ಧ ಉದಾಹರಣೆಯಿಂದ ಊಹೆ ಬಿದ್ದುಹೋಗುವುದನ್ನು ಮಕ್ಕಳು ಕಣ್ಣಾರೆ ಕಂಡರು. ಅವಧಿಯ ಕೊನೆಗೆ ಆಗದ ಸಂಖ್ಯೆಗಳ ಪಟ್ಟಿ ಉಳಿಯಿತು: 1, 2, 4, 8, 16, 32. ಅವು ಎರಡೆರಡು ಪಟ್ಟಾಗುತ್ತಾ ಹೋಗುವುದನ್ನು ತರಗತಿಯ ಹೆಚ್ಚಿನವರು ಗುರುತಿಸಿದರು.

ಐದನೆಯ ಅವಧಿಯಲ್ಲಿ ಪ್ರಶ್ನೆ: ಇವು ಏಕೆ ಆಗವು? ಅಂದು ನನ್ನ ಪಾಠ ವೀಕ್ಷಣೆಗೆ ಕಾಲೇಜಿನಿಂದ ಪ್ರಾಧ್ಯಾಪಕರು ಬಂದಿದ್ದರು. ಮಕ್ಕಳು ಯೋಚಿಸುತ್ತಾ ಮೌನವಾಗಿದ್ದರು. ನನಗೆ ಆ ಮೌನವನ್ನು ತಡೆಯಲಾಗಲಿಲ್ಲ. ಪಾಠ ನಿಂತುಹೋಗಿದೆ ಎಂದು ವೀಕ್ಷಕರು ಭಾವಿಸುತ್ತಾರೆಂಬ ಭಯದಲ್ಲಿ ಸೀಮೆಸುಣ್ಣ ಹಿಡಿದು ನಾನೇ ಸಾಧನೆಯನ್ನು ಬರೆದೆ. ಸಾಲಿನಲ್ಲಿ ಬೆಸ ಸಂಖ್ಯೆಯಷ್ಟು ಪದಗಳಿದ್ದರೆ, ಮೊತ್ತವು ನಡುವಿನ ಪದವನ್ನು ಪದಗಳ ಸಂಖ್ಯೆಯಿಂದ ಗುಣಿಸಿದಷ್ಟು. ಅಂದರೆ ಮೊತ್ತಕ್ಕೆ ಒಂದು ಬೆಸ ಅಪವರ್ತನವಿದೆ. ಪದಗಳ ಸಂಖ್ಯೆ ಸಮವಾಗಿದ್ದರೆ, ಮೊದಲ ಮತ್ತು ಕೊನೆಯ ಪದಗಳ ಮೊತ್ತ ಬೆಸ. ಹೊರಗಿನಿಂದ ಒಳಕ್ಕೆ ಜೋಡಿ ಮಾಡುತ್ತಾ ಹೋದರೆ ಪ್ರತಿ ಜೋಡಿಯೂ ಅದೇ ಬೆಸಸಂಖ್ಯೆ. ಆಗಲೂ ಬೆಸ ಅಪವರ್ತನವಿದೆ. 2ರ ಘಾತಗಳಿಗೆ 1ನ್ನು ಬಿಟ್ಟು ಬೇರೆ ಬೆಸ ಅಪವರ್ತನವೇ ಇಲ್ಲ. ಆದ್ದರಿಂದ ಅವು ಆಗವು.

ಸಾಧನೆ ಸರಿಯಾಗಿತ್ತು, ಬರವಣಿಗೆ ಅಂದವಾಗಿತ್ತು. ಎಲ್ಲರೂ ನಕಲು ಮಾಡಿಕೊಂಡರು. ಗಂಟೆ ಹೊಡೆದ ಮೇಲೆ ಅದೇ ಹುಡುಗಿ ನನ್ನ ಮೇಜಿನ ಬಳಿ ಬಂದು, "ನೀವೇ ಮಾಡ್ಬಿಟ್ರಲ್ಲಾ ಮಿಸ್" ಎಂದಳು. ಅವಳ ಪುಟದಲ್ಲಿ 4, 5, 6, 7 ಎಂದು ಬರೆದು 4ರಿಂದ 7ಕ್ಕೆ, 5ರಿಂದ 6ಕ್ಕೆ ಕಮಾನು ಎಳೆದಿದ್ದಳು. ಜೋಡಿಯ ಉಪಾಯ ಅವಳ ಕೈಗೆ ಬಂದೇ ಬಿಟ್ಟಿತ್ತು. ಇನ್ನೈದು ನಿಮಿಷ ನಾನು ಸುಮ್ಮನಿದ್ದಿದ್ದರೆ ಆ ಸಾಧನೆ ಅವಳದಾಗುತ್ತಿತ್ತು.

ಆರನೆಯ ಅವಧಿಗೆ ಅದೃಷ್ಟವಶಾತ್ ಇನ್ನರ್ಧ ಸಮಸ್ಯೆ ಉಳಿದಿತ್ತು. 2ರ ಘಾತವಲ್ಲದ ಎಲ್ಲ ಸಂಖ್ಯೆಗಳನ್ನೂ ಹೀಗೆ ಬರೆಯಬಹುದೇ? 28ಕ್ಕೆ ಬೆಸ ಅಪವರ್ತನ 7; 28 = 7 × 4; ಆದ್ದರಿಂದ 4ನ್ನು ನಡುವೆ ಇಟ್ಟು ಏಳು ಸಂಖ್ಯೆಗಳು: 1ರಿಂದ 7. ಎಲ್ಲರಿಗೂ ಹಿಡಿಸಿತು. ಆಮೇಲೆ 22 ಬಂತು. 22 = 11 × 2. 2ನ್ನು ನಡುವೆ ಇಟ್ಟು ಹನ್ನೊಂದು ಸಂಖ್ಯೆ ಬರೆದರೆ ಸಾಲು –3ರಿಂದ ಶುರುವಾಗುತ್ತದೆ. "ಮೈನಸ್ ಬಂತು, ಇದು ಆಗಲ್ಲ" ಎಂದು ಒಂದು ಗುಂಪು ಕೈಬಿಟ್ಟಿತು. ನಾನು ಕಿಟಕಿಯ ಬಳಿ ಹೋಗಿ ನಿಂತೆ. ಈ ಸಲ ಕೈಯಲ್ಲಿ ಸೀಮೆಸುಣ್ಣ ಇಟ್ಟುಕೊಳ್ಳಲಿಲ್ಲ. ಸುಮಾರು ಹತ್ತು ನಿಮಿಷ ಯಾರೂ ಏನೂ ಹೇಳಲಿಲ್ಲ. ಆಮೇಲೆ ಆ ಹುಡುಗಿ ಎದ್ದು ಬಂದು ಹಲಗೆಯ ಮೇಲಿದ್ದ –3ನ್ನೂ 3ನ್ನೂ ಹೊಡೆದುಹಾಕಿದಳು, –2ನ್ನೂ 2ನ್ನೂ, –1ನ್ನೂ 1ನ್ನೂ, ಕೊನೆಗೆ 0ಯನ್ನು. ಉಳಿದದ್ದು 4 + 5 + 6 + 7. "ಇಪ್ಪತ್ತೆರಡೇ ಬರುತ್ತೆ" ಎಂದಳು. 14ಕ್ಕೂ ಹಾಗೆಯೇ ಮಾಡಿ ನೋಡಿದರು. 2 + 3 + 4 + 5 ಸಿಕ್ಕಿತು. ಹೊಡೆದ ಮೇಲೆ ಒಂದೇ ಸಂಖ್ಯೆ ಉಳಿದುಬಿಟ್ಟರೆ ಏನು ಗತಿ ಎಂದು ಸೂತ್ರ ಕೇಳಿದ್ದ ಹುಡುಗನೇ ಕೇಳಿದ. ಆತ ಹಿಂದಿನ ವಾರದಿಂದ ಮತ್ತೆ ಬರತೊಡಗಿದ್ದ. ನಡುವಿನ ಸಂಖ್ಯೆ ಕಡಿಮೆಯೆಂದರೂ 1 ಆಗಿರುವುದರಿಂದ ಎರಡು ಸಂಖ್ಯೆಗಳಾದರೂ ಉಳಿದೇ ಉಳಿಯುತ್ತವೆ ಎಂದು ಅವರಿಬ್ಬರೂ ಸೇರಿ ಕಂಡುಕೊಂಡರು. ಹತ್ತನೆಯ ತರಗತಿಯ ಸಮಾಂತರ ಶ್ರೇಢಿಯ ಮೊತ್ತಕ್ಕೆ ಬೇಕಾದ ಜೋಡಿಯ ಉಪಾಯವನ್ನು ಈ ಮಕ್ಕಳು ಒಂದು ವರ್ಷ ಮೊದಲೇ ಸ್ವಂತ ಮಾಡಿಕೊಂಡಿದ್ದರು.

ಏಳು ಮತ್ತು ಎಂಟನೆಯ ಅವಧಿ

ಏಳನೆಯ ಅವಧಿಯಲ್ಲಿ ಮತ್ತೆ ಟಿಕೆಟ್: ಒಂದು ಮಾರ್ಗಕ್ಕೆ ಕೆಲವು ಹೊಸ ನಿಲ್ದಾಣಗಳು ಸೇರಿದ್ದರಿಂದ 46 ಹೊಸ ಬಗೆಯ ಟಿಕೆಟ್‌ಗಳು ಬೇಕಾದವು. ಮೊದಲು ಎಷ್ಟು ನಿಲ್ದಾಣಗಳಿದ್ದವು? ಮಕ್ಕಳು 2, 6, 12, 20 ಎಂದು ಟಿಕೆಟ್ ಸಂಖ್ಯೆಗಳ ಪಟ್ಟಿ ಬೆಳೆಸಿ ವ್ಯತ್ಯಾಸ ಹುಡುಕಿದರು. 11 ನಿಲ್ದಾಣಗಳಿಗೆ 110, 13ಕ್ಕೆ 156, ವ್ಯತ್ಯಾಸ 46. ಇನ್ನೊಂದು ಗುಂಪು 23ರಿಂದ 24 ಆದರೂ 506ರಿಂದ 552, ಅದೂ 46 ಎಂದಿತು. ಎರಡು ಉತ್ತರ! ಒಂದೇ ನಿಲ್ದಾಣಕ್ಕೆ 'ಕೆಲವು' ಎನ್ನಬಹುದೇ ಎಂದು ಗಣಿತದ ಅವಧಿಯಲ್ಲಿ ಕನ್ನಡದ ಚರ್ಚೆ ನಡೆಯಿತು. ಸಮಸ್ಯೆಯನ್ನು ಓದುವುದೇ ಬಿಡಿಸುವುದರ ಮೊದಲ ಹೆಜ್ಜೆ. ಜಾರ್ಜ್ ಪೋಲ್ಯ 1945ರ ತಮ್ಮ ಪುಸ್ತಕದಲ್ಲಿ ಹೇಳಿದ ನಾಲ್ಕು ಹಂತಗಳಲ್ಲಿ ಅರ್ಥಮಾಡಿಕೊಳ್ಳುವುದೇ ಮೊದಲನೆಯದು. ಉಪಾಯ ಹೂಡುವುದು, ನಡೆಸುವುದು, ಹಿಂದಿರುಗಿ ನೋಡುವುದು ಆಮೇಲಿನವು.

ಎಂಟನೆಯ ಅವಧಿಗೆ ಮಕ್ಕಳೇ ಸಮಸ್ಯೆ ತಂದರು. ಅಡಿಕೆ ಸಸಿಗಳ ಸಾಲು, ತೆಂಗಿನಕಾಯಿ ಪಾಲು, ಬಸ್ಸಿನ ಚಿಲ್ಲರೆ ಅವುಗಳಲ್ಲಿದ್ದವು. ವ್ಯವಹಾರದ ಲೆಕ್ಕಗಳನ್ನು ಕನ್ನಡದಲ್ಲಿ ಬರೆಯುವುದು ಹೊಸತೇನಲ್ಲ. 12ನೆಯ ಶತಮಾನದಲ್ಲೇ ರಾಜಾದಿತ್ಯನು 'ವ್ಯವಹಾರಗಣಿತ'ವನ್ನು ಕನ್ನಡದಲ್ಲಿ ರಚಿಸಿದ್ದನೆಂದು ಅಂದು ಮಕ್ಕಳಿಗೆ ಹೇಳಿದೆ.

ಮೌಲ್ಯಮಾಪನ

ಈ ತರಗತಿಗೆ ಅಂಕ ಕೊಡಲಿಲ್ಲ. ಬದಲಿಗೆ ಪ್ರತಿ ಮಗುವೂ ಒಂದು ಪ್ರಯತ್ನದ ಪುಸ್ತಕ ಇಟ್ಟಿತು. ಪ್ರತಿ ಅವಧಿಗೆ ನಾಲ್ಕು ಸಾಲು: ಏನು ಕೇಳಿದ್ದಾರೆ, ನಾನು ಏನು ಮಾಡಿ ನೋಡಿದೆ, ಎಲ್ಲಿ ನಿಂತೆ, ಮುಂದೆ ಏನು ಮಾಡಬಹುದು. ಮೂರನೆಯ ಸಾಲನ್ನು ಬರೆಯಲು ಆರಂಭದಲ್ಲಿ ಎಲ್ಲರಿಗೂ ಸಂಕೋಚ. "ಎಲ್ಲಿ ನಿಂತೆ" ಎಂಬುದಕ್ಕೂ ನಾನು ಸರಿ ಗುರುತು ಹಾಕತೊಡಗಿದ ಮೇಲೆ ಅದು ತುಂಬತೊಡಗಿತು.

ಇದರಿಂದ ಘಟಕ ಪರೀಕ್ಷೆಯ ಅಂಕಗಳು ಏರಿದವೆಂದು ನಾನು ಹೇಳಲಾರೆ. ಎಂಟು ಅವಧಿಗಳಿಂದ ಹಾಗೆ ಹೇಳುವುದು ಸರಿಯೂ ಅಲ್ಲ. ಮೊದಲ ಪಟ್ಟಿಯ ಹತ್ತು ಮಕ್ಕಳಲ್ಲಿ ಕೆಲವರು ಮತ್ತೆ ಬರಲೇ ಇಲ್ಲ. ಅವರನ್ನು ಮೊದಲ ದಿನವೇ ಬೇರೆ ರೀತಿಯಲ್ಲಿ ಕರೆದಿದ್ದರೆ ಏನಾಗುತ್ತಿತ್ತೋ. ಕಡಿಮೆ ಅಂಕದ ಮಗುವಿಗೆ ಗಣಿತ ಬಾರದು ಎಂಬ ನನ್ನ ತೀರ್ಮಾನ ತಪ್ಪಾಗಿತ್ತು ಎಂಬುದನ್ನು ಮಾತ್ರ ಖಚಿತವಾಗಿ ಹೇಳಬಲ್ಲೆ.

ಸಹ ಪ್ರಶಿಕ್ಷಣಾರ್ಥಿಗಳಿಗೆ

ಒಲಿಂಪಿಯಾಡ್‌ನಂಥ ಸ್ಪರ್ಧೆಗಳು ಹಂತ ಹಂತವಾಗಿ ಮಕ್ಕಳನ್ನು ಆರಿಸುತ್ತವೆ. ಅದು ಅವುಗಳ ಕೆಲಸ. ಭಾರತ 1989ರಿಂದ ಅಂತರರಾಷ್ಟ್ರೀಯ ಗಣಿತ ಒಲಿಂಪಿಯಾಡ್‌ಗೆ ತಂಡ ಕಳಿಸುತ್ತಿದೆ, ಅದು ಹೆಮ್ಮೆಯ ವಿಷಯ. ಆದರೆ ಶಾಲೆಯ ಐಚ್ಛಿಕ ತರಗತಿಯ ಕೆಲಸ ಆರಿಸುವುದಲ್ಲ. ಹಂಗೇರಿಯಲ್ಲಿ 1894ರಲ್ಲಿ ಅರಾನಿ ಡೇನಿಯಲ್ ಎಂಬ ಪ್ರೌಢಶಾಲಾ ಶಿಕ್ಷಕರು ಮಕ್ಕಳಿಗಾಗಿ ಗಣಿತ ಪತ್ರಿಕೆಯೊಂದನ್ನು ಆರಂಭಿಸಿದರು. ಅದರಲ್ಲಿ ಬಂದ ಸಮಸ್ಯೆಗಳಿಗೆ ಯಾವ ಊರಿನ ವಿದ್ಯಾರ್ಥಿಯಾದರೂ ಪರಿಹಾರ ಬರೆದು ಕಳಿಸಬಹುದಿತ್ತು. ಆ ದೇಶದ ಗಣಿತದ ಹೆಸರು ಬೆಳೆದದ್ದರಲ್ಲಿ ಹಾಗೆ ತೆರೆದಿಟ್ಟ ಬಾಗಿಲಿಗೂ ಪಾಲಿದೆ.

ನನ್ನ ಅನುಭವದಿಂದ ಹೇಳಬಹುದಾದದ್ದು ಇಷ್ಟು. ಪಟ್ಟಿ ಮಾಡಬೇಡಿ. ಶಾಲಾ ವೇಳೆಯೊಳಗೇ ಅವಧಿ ಕೇಳಿ ಪಡೆಯಿರಿ. ಅವಧಿಗೆ ಒಂದೇ ಸಮಸ್ಯೆ ಒಯ್ಯಿರಿ, ಅದನ್ನು ನೀವು ಮೊದಲೇ ಎರಡು ಮೂರು ದಾರಿಗಳಲ್ಲಿ ಬಿಡಿಸಿ ನೋಡಿರಿ. ತಪ್ಪು ಊಹೆಯನ್ನು ಅಳಿಸುವ ಕೆಲಸ ಮಕ್ಕಳಿಗೇ ಬಿಡಿ. ವೀಕ್ಷಣೆಯ ದಿನ ತರಗತಿ ಮೌನವಾದರೆ ಹೆದರಬೇಡಿ. ವೀಕ್ಷಿಸುವ ಪ್ರಾಧ್ಯಾಪಕರಲ್ಲೂ ನನ್ನದೊಂದು ವಿನಂತಿ, ಆ ಮೌನಕ್ಕೂ ವೀಕ್ಷಣಾ ನಮೂನೆಯಲ್ಲಿ ಒಂದು ಅಂಕಣ ಇರಲಿ.

ಇಂಟರ್ನ್‌ಶಿಪ್ ಮುಗಿದ ದಿನ ಬುಧವಾರದ ಅವಧಿಯನ್ನು ಶಾಲೆಯ ಗಣಿತ ಶಿಕ್ಷಕರಿಗೆ ಒಪ್ಪಿಸಿ ಬಂದೆ. ಮುಂದಿನ ವಾರಕ್ಕೆ ಮಕ್ಕಳೇ ಸಮಸ್ಯೆ ಆರಿಸಿಕೊಂಡಿದ್ದರು: 15ನ್ನು ಮೂರು ಬಗೆಯಲ್ಲಿ ಬರೆಯಬಹುದಾದರೆ, 45ನ್ನು ಎಷ್ಟು ಬಗೆಯಲ್ಲಿ ಬರೆಯಬಹುದು? ಉತ್ತರವನ್ನು ನಾನು ಅವರಿಗೆ ಹೇಳಿಲ್ಲ. ಇಲ್ಲಿಯೂ ಬರೆಯುವುದಿಲ್ಲ.